ಬೊಂಬೆಯ ಹನ್ನೊಂದು ಹೆಜ್ಜೆ

ಬೆಳಕವಾಡಿ
9 ಜೂನ್ 2024

ಪ್ರಿಯ ಶೋಭಿತಾ,

'ಹೊಳೆ ತಂತಿ ಮೇಲೆ ನಡ್ಕಂಡು ಓಯ್ತು, ನೆಳ್ಳು ಮಾತ್ರ ಇಲ್ಲೇ ಉಳ್ಕತು.' ನಿನ್ನ ಅಜ್ಜಿ ಪಟ್ಟಲಮ್ಮ ಹೇಳುತ್ತಿದ್ದ ಕಥೆಯಲ್ಲಿ ಹೀಗೊಂದು ಮಾತಿತ್ತು ಎಂದು ನನ್ನ ನೆನಪು. ಅರ್ಧ ನೆನಪು ಅನ್ನಬೇಕು. ಮೊದಲ ಭಾಗ ಅವಳದೇ, ಅದರಲ್ಲಿ ಅನುಮಾನವಿಲ್ಲ. ಎರಡನೆಯ ಭಾಗ? ಹೊಳೆಗೆ ನೆರಳುಂಟೆ? ಇಪ್ಪತ್ತೈದು ವರ್ಷ ಮಕ್ಕಳಿಗೆ ಪದ್ಯ ಪಾಠ ಮಾಡಿದವಳು ನಾನು. ಬೇರೆಯವರ ಮಾತಿಗೆ ಬಾಲ ಅಂಟಿಸುವ ಚಟ ಬಂದಿದ್ದರೂ ಬಂದಿರಬಹುದು. ನಿನ್ನ ತಂದೆಯನ್ನು ಒಮ್ಮೆ ಕೇಳಿ ನೋಡು.

ನಿನ್ನ ಕಾಗದ ಮಳವಳ್ಳಿಯ ಕಾಲೇಜಿನ ವಿಳಾಸಕ್ಕೆ ಬಂದು, ರಜೆ ಮುಗಿಯುವವರೆಗೆ ಅಲ್ಲೇ ಕೂತಿತ್ತು. ಹದಿಮೂರು ವರ್ಷದ ಹಿಂದಿನ ವಿದ್ಯಾರ್ಥಿನಿಯೊಬ್ಬಳು ಕೈಯಲ್ಲಿ ಬರೆದ ಕಾಗದ. ಫೋನು ಮಾಡದೆ ಬರೆದದ್ದೇಕೆ ಎಂದು ಆಶ್ಚರ್ಯಪಟ್ಟೆ. ಆಕ್ಷೇಪವಲ್ಲ, ಇಷ್ಟವೇ ಆಯಿತು.

ಅಜ್ಜಿಯ ಕಥೆಯನ್ನು ಬೊಂಬೆಗಳಲ್ಲಿ ಸಿನಿಮಾ ಮಾಡುತ್ತಿದ್ದೀಯ ಎಂದು ಪತ್ರಿಕೆಯಲ್ಲೂ ಓದಿದೆ. ಬೊಂಬೆಯನ್ನು ಕೂದಲೆಳೆಯಷ್ಟು ಜರುಗಿಸಿ ಫೋಟೋ ತೆಗೆದು, ಮತ್ತೆ ಜರುಗಿಸಿ ಮತ್ತೆ ತೆಗೆದು, ಎಲ್ಲವನ್ನೂ ಜೋಡಿಸಿದರೆ ಅದು ನಡೆದಾಡುತ್ತದಂತೆ. ನಂಬುತ್ತೇನೆ. ಆದರೂ ನನ್ನ ಅನುಮಾನ ಹೇಳಿಬಿಡುತ್ತೇನೆ, ನೀನು ಕೇಳದಿದ್ದರೂ. ಕಥೆಯಲ್ಲಿ, ಶಿವನಸಮುದ್ರದ ವಿದ್ಯುತ್ ಕೇಂದ್ರದವರು ಹೊಳೆಯನ್ನು ಕೊಳವೆಯಲ್ಲಿ ಹಿಡಿದು, ತಂತಿಗೆ ಹತ್ತಿಸಿ, ಕಾಣದ ಊರಿಗೆ ಕಳಿಸಿಬಿಡುತ್ತಾರೆ. ಅದನ್ನು ಹುಡುಕಿಕೊಂಡು ಒಬ್ಬ ಹುಡುಗಿ ಕಂಬದಿಂದ ಕಂಬಕ್ಕೆ ನಡೆಯುತ್ತಾಳೆ. ಪಟ್ಟಲಮ್ಮ ಇದನ್ನು ಬರೀ ಬಾಯಲ್ಲಿ ಹೇಳಿದಳು. ಕೇಳಿದ ಒಬ್ಬೊಬ್ಬರೂ ತಂತಮ್ಮ ಹೊಳೆಯನ್ನು ನಡೆಸಿಕೊಂಡೆವು. ನೀನು ಎಲ್ಲರಿಗೂ ಒಂದೇ ಹೊಳೆ ಕೊಡುತ್ತೀಯ, ಅದೂ ಪ್ಲಾಸ್ಟಿಕ್ಕಿನದು. ಅದನ್ನು ನೋಡಿದ ಮೇಲೆ ನನ್ನದು ಉಳಿಯುತ್ತದೆಯೇ ಎಂಬುದು ನನ್ನ ಸ್ವಾರ್ಥದ ಪ್ರಶ್ನೆ.

ನೀನು ಕೇಳಿದ್ದು ಒಂದೇ: ಕಥೆ ಹೇಳುವಾಗ ಅಜ್ಜಿ ಎಲ್ಲಿ ಕೂರುತ್ತಿದ್ದರು? ಇದು ಸುಲಭ. ನಮ್ಮ ನಡುಮನೆಯಲ್ಲಿ, ಬಲಗಡೆಯ ಕಂಬಕ್ಕೆ ಒರಗಿ. ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸಕ್ಕೆ ಬರುತ್ತಿದ್ದಳು. ನಮ್ಮವ್ವ ಇಂದ್ರಮ್ಮ ಎದುರಿಗೆ. ನಾನು ಇಬ್ಬರ ನಡುವೆ ಚಾಪೆಯ ಮೇಲೆ ಬೋರಲು ಮಲಗಿ ಕೇಳುತ್ತಿದ್ದೆ. ಏಳೆಂಟು ವರ್ಷ ನನಗೆ. ಕೆಲಸ ನಿಲ್ಲುತ್ತಿರಲಿಲ್ಲ, ಕಥೆಯೂ ನಿಲ್ಲುತ್ತಿರಲಿಲ್ಲ.

ಇಷ್ಟು ಸಾಕೆ?

ವೀಣ

•

ಮದ್ದೂರು
21 ಜೂನ್ 2024

ವೀಣ ಮೇಡಂಗೆ ನಮಸ್ಕಾರ.

ನಿಮ್ಮ ಕಾಗದ ಮೂರು ಸಲ ಓದಿದೆ. ಅಪ್ಪನಿಗೆ ಆ ನೆರಳಿನ ಮಾತು ಗೊತ್ತಿಲ್ಲವಂತೆ. ಅಪ್ಪ ಈ ವಿಷಯದಲ್ಲಿ ಹೆಚ್ಚು ಮಾತಾಡುವುದಿಲ್ಲ. ಮೂವತ್ತಾರು ವರ್ಷ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿದವರು, ಮೀಟರಿನಲ್ಲಿ ಕಂಡದ್ದನ್ನು ಬಿಟ್ಟು ಇನ್ನೇನೂ ಹೇಳುವ ಅಭ್ಯಾಸವಿಲ್ಲ.

ಫೋನಿನ ವಿಷಯ. ನಮ್ಮದು ಹಳೆಯ ಆಲೆಮನೆಯ ಶೆಡ್ಡು. ಒಳಗೆ ಕಪ್ಪು ಪರದೆ, ಒಂದು ಮೇಜು, ಒಂದು ಕ್ಯಾಮೆರಾ, ನಾನು, ನಮ್ಮಣ್ಣ ಪ್ರಸನ್ನ. ಇಬ್ಬರೂ ಕಪ್ಪು ಬಟ್ಟೆ ಹಾಕುತ್ತೇವೆ, ತಿಳಿಬಣ್ಣದ ಅಂಗಿಯ ಬೆಳಕು ಬೊಂಬೆಯ ಮುಖಕ್ಕೆ ಹೊಡೆಯುತ್ತದೆ. ಫೋನುಗಳನ್ನು ಬಾಗಿಲಾಚೆ ಬಿಸ್ಕತ್ತಿನ ಡಬ್ಬದಲ್ಲಿ ಇಡುತ್ತೇವೆ. ಕೈ ಬೊಂಬೆಯ ಮೇಲಿದ್ದಾಗ ಒಂದು ಕರೆ ಬಂದರೆ ಯಾವ ಬೆರಳನ್ನು ಎಷ್ಟು ಜರುಗಿಸಿದೆ ಎಂಬುದು ಮರೆತುಹೋಗುತ್ತದೆ. ಇನ್ನೊಂದು ಕಾರಣ, ಅಳತೆ ಕಾಗದದಲ್ಲಿದ್ದರೆ ಗೋಡೆಗೆ ಅಂಟಿಸಬಹುದು. ನಿಮ್ಮ ಮೊದಲ ಕಾಗದ ಈಗ ಗೋಡೆಯ ಮೇಲಿದೆ.

ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ ಬೇಕು. ದಿನವೆಲ್ಲ ದುಡಿದರೆ ನಾಲ್ಕು ಸೆಕೆಂಡು. ಚಿತ್ರ ಒಟ್ಟು ಹತ್ತೊಂಬತ್ತು ನಿಮಿಷ, ಈಗಾಗಲೇ ಮೂರು ವರ್ಷವಾಯಿತು. ಹೊಳೆಯದು, ತಂತಿಯದು, ಹುಡುಗಿಯದು ಬಹುತೇಕ ಮುಗಿದಿದೆ. ಉಳಿದದ್ದು ಮೊದಲ ದೃಶ್ಯ, ಅಜ್ಜಿ ಬಂದು ಕೂತು ಕಥೆ ಶುರು ಮಾಡುವುದು. ಜನವರಿ ಹನ್ನೆರಡಕ್ಕೆ ಮಂಡ್ಯದಲ್ಲಿ ಪ್ರದರ್ಶನ, ಸಭಾಂಗಣ ಗೊತ್ತು ಮಾಡಿದ್ದೇವೆ.

ಇದರಲ್ಲಿ ಒಂದು ಸಂಗತಿ ನಿಮಗೆ ತಿಳಿದಿರಲಿ. ಬೊಂಬೆ ಒಂದು ಕಾಲೆತ್ತಿದರೆ ಬಿದ್ದುಹೋಗುತ್ತದೆ. ಅದಕ್ಕೆ ಪಾದದೊಳಗೆ ನಟ್ಟು ಕೂರಿಸಿ, ಮೇಜಿನ ಅಡಿಯಿಂದ ಸ್ಕ್ರೂ ಬಿಗಿಯುತ್ತೇವೆ. ಅಂದರೆ ಪ್ರತಿ ಹೆಜ್ಜೆಗೂ ನೆಲದಲ್ಲಿ ಒಂದು ತೂತು ಕೊರೆಯಬೇಕು. ಸುಮಾರಾಗಿ ಇಲ್ಲೆಲ್ಲೋ ನಡೆದರು ಎಂದರೆ ಆಗುವುದಿಲ್ಲ. ಕಾಲು ಎಲ್ಲಿತ್ತು ಎಂದು ಖಚಿತವಾಗಿ ಗೊತ್ತಿರಬೇಕು.

ಹೊಸಿಲಿನಿಂದ ಆ ಕಂಬಕ್ಕೆ ಅಜ್ಜಿಯ ಹೆಜ್ಜೆಯಲ್ಲಿ ಎಷ್ಟಾಗಬಹುದು? ಕಂಬ, ಹೊಸಿಲು, ಬಾಗಿಲ ಅಳತೆ ಕಳಿಸಿದರೆ ಉಪಕಾರ. ನಾವು ಎಲ್ಲವನ್ನೂ ಆರರಲ್ಲಿ ಒಂದು ಪಾಲಿಗೆ ಇಳಿಸುತ್ತೇವೆ. ಅಜ್ಜಿ ಒಂಬತ್ತು ಇಂಚು ಇದ್ದಾರೆ.

ಶೋಭಿತಾ

•

ಬೆಳಕವಾಡಿ
2 ಜುಲೈ 2024

ಪ್ರಿಯ ಶೋಭಿತಾ,

ಅಳೆದೆ. ಹೊಸಿಲಿನಿಂದ ಕಂಬಕ್ಕೆ ಹನ್ನೆರಡೂವರೆ ಅಡಿ. ನನ್ನ ಹೆಜ್ಜೆಯಲ್ಲಿ ಏಳಾಯಿತು. ಪಟ್ಟಲಮ್ಮ ಕುಳ್ಳಗಿದ್ದಳು, ಮಂಡಿ ಹೆಚ್ಚು ಬಗ್ಗಿಸದೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದಳು. ಅವಳ ಹಾಗೆಯೇ ನಡೆದು ನೋಡಿದೆ. ಹನ್ನೊಂದು.

ನಾನು ಹಾಗೆ ನಡೆಯುವುದನ್ನು ನಮ್ಮಣ್ಣ ರಾಜೇಂದ್ರ ನೋಡಿದ. ವಿಷಯ ಹೇಳಿದರೆ ನಕ್ಕ. 'ಈ ಕಾಲ್ದಲ್ಲಿ ಕಂಪ್ಯೂಟ್ರಿಗೆ ಏಳುದ್ರೆ ಕಾಫಿ ಕುಡಿಯೋಷ್ಟ್ರಲ್ಲಿ ಪಿಕ್ಚರ್ ಮಾಡ್ಕೊಡ್ತದೆ. ಇವ್ರು ಮೂರು ವರ್ಸದಿಂದ ಬೊಂಬೆ ಕಾಲ್ಗೆ ಸ್ಕ್ರೂ ತಿರುಗ್ಸ್ಕಂಡು ಕೂತವ್ರಾ?' ಎಂದ. ನಂತರ ಮೆತ್ತಗೆ, ನಮ್ಮ ಮನೆ ಬಾಗಿಲನ್ನು ಯಾಕೆ ತೋರಿಸಬೇಕಂತೆ ಎಂದೂ ಕೇಳಿದ. ನಾನು ಟೇಪು ಸುತ್ತಿಟ್ಟೆ. ಅವನ ಅನುಮಾನಕ್ಕೂ ನನ್ನ ಅನುಮಾನಕ್ಕೂ ಸಂಬಂಧವಿಲ್ಲ. ಅವನಿಗೆ ಕಾಲ ವ್ಯರ್ಥ ಅನ್ನಿಸುತ್ತದೆ. ನನಗೆ, ಇಷ್ಟೊಂದು ಕಾಲ ಹಾಕಿದ ಮೇಲೆ ಒಂದು ವಸ್ತುವನ್ನು ಕೆಟ್ಟದ್ದು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲವಲ್ಲ ಎನ್ನಿಸುತ್ತದೆ. ಹತ್ತೊಂಬತ್ತು ನಿಮಿಷಕ್ಕೆ ಮೂರು ವರ್ಷ ಎಂದು ತಿಳಿದೇ ಜನ ನೋಡುತ್ತಾರೆ. ಶ್ರಮಕ್ಕೆ ಚಪ್ಪಾಳೆ ತಟ್ಟುತ್ತಾರೆ. ಪದ್ಯದಲ್ಲಿ ಆ ಅನುಕೂಲವಿಲ್ಲ. ಎಷ್ಟು ದಿನ ತೆಗೆದುಕೊಂಡಿರಿ ಎಂದು ಯಾರೂ ಕವಿಯನ್ನು ಕೇಳುವುದಿಲ್ಲ.

ನೆಲಕ್ಕೆ ಅಣ್ಣ ಗ್ರಾನೈಟ್ ಹಾಸಿಸಿದ್ದಾನೆ. ಹೊಸಿಲು, ಬಾಗಿಲು, ಕಂಬ ಹಳೆಯವೇ. ಹೊಸಿಲಿನ ಕೆತ್ತನೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿದ್ದೇನೆ. ಅಳತೆಗಳೂ ಇವೆ.

ನೀನೇ ಒಮ್ಮೆ ಬಂದು ನೋಡಬಹುದಲ್ಲ. ಮದ್ದೂರಿನಿಂದ ಬಸ್ಸಿಗೇನು ಕೊರತೆ?

ವೀಣ

•

ಮದ್ದೂರು
30 ಜುಲೈ 2024

ವೀಣ ಮೇಡಂಗೆ,

ಅಚ್ಚು ತುಂಬ ಉಪಯೋಗಕ್ಕೆ ಬಂತು. ಪ್ರಸನ್ನ ಅದನ್ನು ನೋಡಿಕೊಂಡೇ ಹೊಸಿಲು ಕೆತ್ತಿದ. ನನಗೆ ಬರಲು ಬಿಡುವಾಗುವುದಿಲ್ಲ. ನೋಡದೆ ಕಟ್ಟಿದರೆ ಒಳ್ಳೆಯದು ಎಂದೂ ಅನ್ನಿಸುತ್ತದೆ.

ಹನ್ನೊಂದು ತೂತು ಕೊರೆದಾಯಿತು. ಅಜ್ಜಿಯ ಸೀರೆಯ ತುಂಡೊಂದು ಅಪ್ಪನ ಪೆಟ್ಟಿಗೆಯಲ್ಲಿತ್ತು, ಅದನ್ನೇ ಬೊಂಬೆಗೆ ಉಡಿಸಿದ್ದೇವೆ. ಮೊದಲ ಎರಡು ದಿನದ ಕೆಲಸ ಹಾಳಾಯಿತು. ವೋಲ್ಟೇಜು ಏರಿಳಿದು, ಬೊಂಬೆ ನಡೆಯುವಾಗ ಗೋಡೆಯ ಬೆಳಕು ಉಸಿರಾಡಿದ ಹಾಗೆ ಕಾಣುತ್ತಿತ್ತು. ಅಪ್ಪನಿಗೆ ಹೇಳಿದರೆ, 'ನಾವು ಕಳಿಸ್ದಾಗ ಸರ್ಯಾಗೇ ಇತ್ತು' ಎಂದರು. ಅವರು ನಗಿಸಲು ಹೇಳಿದ್ದಲ್ಲ. ಈಗ ಬ್ಯಾಟರಿ ತಂದಿದ್ದೇವೆ.

ಎರಡು ಪ್ರಶ್ನೆ. ಹೊಸಿಲ ಹತ್ತಿರ ಬೊಂಬೆಯನ್ನು ಸ್ವಲ್ಪ ನಿಲ್ಲಿಸಬೇಕಾಗಿದೆ. ಸುಮ್ಮನೆ ನಿಂತರೆ ಸತ್ತ ಹಾಗೆ ಕಾಣುತ್ತದೆ. ಒಳಗೆ ಬರುವ ಮುಂಚೆ ಅಜ್ಜಿ ಏನಾದರೂ ಮಾಡುತ್ತಿದ್ದರಾ? ಬಂದಾಗ ನಿಮ್ಮ ತಾಯಿ ಏನನ್ನುತ್ತಿದ್ದರು?

ಶೋಭಿತಾ

•

ಬೆಳಕವಾಡಿ
18 ಆಗಸ್ಟ್ 2024

ಪ್ರಿಯ ಶೋಭಿತಾ,

ಬಾಗಿಲ ಎಡಗಡೆ ನೀರಿನ ತೊಟ್ಟಿಯಿತ್ತು. ಒಂದು ಚೊಂಬು ಮೊಗೆದು ಕಾಲು ತೊಳೆದು, ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದಳು. ಅವ್ವ 'ಬಾ ಪಟ್ಟಲಮ್ಮ, ಕೂತ್ಕೊ' ಎಂದು ಮಣೆ ಹಾಕುತ್ತಿದ್ದಳು. ಹಲಸಿನ ಮರದ ಮಣೆ, ಒಂದು ಮೂಲೆ ಒಡೆದಿತ್ತು. ಆ ಮೂಲೆಯನ್ನೂ ಮಾಡಬಲ್ಲೆಯಾ?

ನಿನ್ನ ಕೆಲಸದ ವಿಷಯ ತರಗತಿಯಲ್ಲಿ ಹೇಳಿದೆ. ಸ್ಟಾಫ್ ರೂಮಿನಲ್ಲೂ ಹೇಳಿದೆ. ಇಂಗ್ಲಿಷ್ ಪಾಠ ಮಾಡುವ ನಯನ ತನ್ನ ಮಕ್ಕಳಿಬ್ಬರನ್ನೂ ಜನವರಿಗೆ ಕರೆತರುತ್ತಾಳಂತೆ. ಅನುಮಾನಿಸುವವಳು ನಾನು, ಪ್ರಚಾರ ಮಾಡುವವಳೂ ನಾನೇ ಆಗಿದ್ದೇನೆ. ಚಾಪೆಯ ಮೇಲೆ ಮಲಗಿದ ಹುಡುಗಿ ಚಿತ್ರದಲ್ಲಿದ್ದಾಳೆಯೇ ಎಂದು ಕೇಳಬಾರದು ಎಂದುಕೊಂಡಿದ್ದೆ, ಕೇಳಿದ್ದೇನೆ. ಇದ್ದರೆ, ಅವಳಿಗೆ ಎರಡು ಜಡೆ.

ಹೊಳೆ ತುಂಬಿ ಬಂದು ಈಗ ಇಳಿದಿದೆ. ಶಿವನಸಮುದ್ರದ ರಸ್ತೆಯಲ್ಲಿ ಭಾನುವಾರ ಕಾರುಗಳದೇ ಸಾಲು.

ವೀಣ

•

ಬೆಳಕವಾಡಿ
22 ಸೆಪ್ಟೆಂಬರ್ 2024

ಪ್ರಿಯ ಶೋಭಿತಾ,

ತಿಂಗಳು ಕಳೆಯಿತು. ಮೊದಲ ದೃಶ್ಯ ಮುಗಿಸುವ ಅವಸರದಲ್ಲಿದ್ದೀಯ ಎಂದುಕೊಂಡಿದ್ದೇನೆ. ಉತ್ತರಕ್ಕೆ ಒತ್ತಾಯವಿಲ್ಲ. ಮುಗಿದ ಮೇಲೆ ಒಂದು ಸಾಲು ಬರೆ.

ವೀಣ

•

ಮದ್ದೂರು
29 ಸೆಪ್ಟೆಂಬರ್ 2024

ವೀಣ ಮೇಡಂಗೆ,

ಮೊದಲ ದೃಶ್ಯ ಮುಗಿಯಿತು. ನಲವತ್ತೊಂದು ಸೆಕೆಂಡು. ಕೆಟ್ಟುಹೋದ ದಿನಗಳನ್ನೂ ಸೇರಿಸಿದರೆ ಐದು ವಾರ. ಅಜ್ಜಿ ಕಾಲು ತೊಳೆದು, ಹೊಸಿಲು ದಾಟಿ, ಹನ್ನೊಂದು ಹೆಜ್ಜೆ ನಡೆದು, ಮಣೆಯ ಮೇಲೆ ಕೂತು, ಕಂಬಕ್ಕೆ ಒರಗುತ್ತಾರೆ. ಮಣೆಯ ಮೂಲೆ ಒಡೆದಿದೆ. ನಾನು ಮಾಡಿದ್ದರಲ್ಲಿ ಇದೇ ಚೆನ್ನಾಗಿ ಬಂದದ್ದು, ಪ್ರಸನ್ನನೂ ಹಾಗೇ ಅಂದ.

ಹೋದ ಭಾನುವಾರ ಅಪ್ಪನನ್ನು ಕರೆತಂದು ತೋರಿಸಿದೆ. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಪರದೆಯ ಈಚೆ ಕುರ್ಚಿ ಹಾಕಿದೆವು. ಎರಡು ಸಲ ನೋಡಿದರು. ಗೋಡೆಗೆ ಅಂಟಿಸಿದ್ದ ನಿಮ್ಮ ಕಾಗದಗಳನ್ನು ಎದ್ದು ಹೋಗಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೇಳಿದರು:

'ಚೆನ್ನಾಗದೆ. ಆದ್ರೆ ನಮ್ಮವ್ವ ಈ ಕಂಬವ ನೋಡಿಲ್ಲ ಕಣವ್ವ.'

ಕೋಪವಿರಲಿಲ್ಲ. ಮನೆಗೆ ಬಿಡು ಎಂದರು. ದಾರಿಯಲ್ಲಿ, 'ಇದ ನೋಡಕ್ಕೆ ಮಂಡ್ಯಕ್ಕೆ ನಾನು ಬರಲ್ಲ' ಎಂದರು. ಅಷ್ಟೇ.

ನಿಮ್ಮ ನೆನಪಿನ ತಪ್ಪೋ ಅಪ್ಪನ ನೆನಪಿನ ತಪ್ಪೋ ನಾನು ಹೇಳಲಾರೆ. ನಿಮ್ಮನ್ನು ಕೇಳುತ್ತಿದ್ದೇನೆ.

ಶೋಭಿತಾ

•

ಬೆಳಕವಾಡಿ
4 ಅಕ್ಟೋಬರ್ 2024

ಪ್ರಿಯ ಶೋಭಿತಾ,

ನಿನ್ನ ತಂದೆಯವರ ಮೇಲೆ ನನಗೆ ಗೌರವವಿದೆ. ಆದರೆ ನನ್ನ ಚಿಕ್ಕಂದಿನ ಆ ವರ್ಷಗಳಲ್ಲಿ ಅವರು ಕೆಲಸಕ್ಕೆ ಸೇರಿ ಶಿವನಸಮುದ್ರದ ಕ್ವಾರ್ಟರ್ಸಿನಲ್ಲಿದ್ದರಲ್ಲವೆ? ನಮ್ಮ ನಡುಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಅವರಿಗೆ ಹೇಗೆ ಗೊತ್ತಿರಬೇಕು? ಪಟ್ಟಲಮ್ಮನ ದನಿ ನನ್ನ ಕಿವಿಯಲ್ಲಿ ಹತ್ತಿರದಿಂದಲೇ ಇದೆ. ಅಂಗಳದಿಂದ ಬಂದ ದನಿಯಲ್ಲ ಅದು.

ಒಂದು ವೇಳೆ ಅವರು ಹೇಳಿದ್ದೇ ಸರಿ ಎಂದಿಟ್ಟುಕೊಂಡರೂ, ನೀನು ಮಾಡುತ್ತಿರುವುದು ಸಿನಿಮಾ, ದಾಖಲೆಯಲ್ಲ. ಹೊಳೆ ತಂತಿಯ ಮೇಲೆ ನಡೆಯುವ ಕಥೆಯಲ್ಲಿ ಒಬ್ಬ ಹೆಂಗಸು ಹನ್ನೊಂದು ಹೆಜ್ಜೆ ನಡೆದರೆ ಯಾರಿಗೆ ನಷ್ಟ? ಕಲ್ಪನೆ ಇರುವುದೇ ಅದಕ್ಕೆ, ಆಗದೇ ಹೋದದ್ದನ್ನು ಆಗುವಂತೆ ಮಾಡುವುದಕ್ಕೆ. ಐದು ವಾರದ ಕೆಲಸ, ಚೆನ್ನಾಗಿ ಬಂದಿದೆ ಎಂದು ನೀನೇ ಬರೆದಿದ್ದೀಯ. ಹಾಗೇ ಬಿಡು.

ವೀಣ

•

ಮದ್ದೂರು
9 ಅಕ್ಟೋಬರ್ 2024

ವೀಣ ಮೇಡಂಗೆ,

ಹೊಳೆ ತಂತಿಯ ಮೇಲೆ ನಡೆಯಬಹುದು. ಅದು ಅಜ್ಜಿ ಹೇಳಿದ್ದು. ಅಜ್ಜಿ ನಡುಮನೆಯಲ್ಲಿ ನಡೆದದ್ದನ್ನು ಅಜ್ಜಿ ಹೇಳಿಲ್ಲ.

ಒಂದು ವಿಷಯ ನಾನೂ ಬರೆದಿರಲಿಲ್ಲ. ಅಜ್ಜಿ ಎಲ್ಲಿ ಕೂರುತ್ತಿದ್ದರು ಎಂದು ಮೂರು ವರ್ಷದಿಂದ ಅಪ್ಪನನ್ನು ಕೇಳುತ್ತಲೇ ಇದ್ದೆ. ಪ್ರತಿ ಸಲವೂ 'ಬುಡವ್ವ ಅದ' ಎನ್ನುತ್ತಿದ್ದರು. ಆ 'ಬುಡವ್ವ'ದ ಅರ್ಥ, ಅಜ್ಜಿಯನ್ನು ಯಾರೂ ಒಳಗೆ ಕರೆದಿರಲಿಲ್ಲ ಎಂಬುದು, ನನಗೆ ಗೊತ್ತಾಗಬೇಕಿತ್ತು. ಗೊತ್ತಾಗುವುದು ಬೇಡವಾಗಿತ್ತು, ಅದಕ್ಕೇ ನಿಮಗೆ ಬರೆದೆ. ನೀವು 'ನಡುಮನೆಯಲ್ಲಿ' ಎಂದು ಬರೆದ ದಿನ ನನಗೆ ಖುಷಿಯಾಯಿತು. ಅಂಗಡಿಗೆ ಹೋಗಿ ಒಂದು ಕಿಲೋ ಜಿಲೇಬಿ ತಂದೆ.

ನೀವು ಪಾಠ ಮಾಡುವಾಗ ಕವಿ ಹೇಳಿದ್ದೇನು, ನಾವು ಸೇರಿಸಿದ್ದೇನು ಎಂದು ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆಸುತ್ತಿದ್ದಿರಿ.

ಆ ನಲವತ್ತೊಂದು ಸೆಕೆಂಡನ್ನು ಚಿತ್ರದಿಂದ ತೆಗೆದುಹಾಕಿದ್ದೇನೆ. ಮೊದಲ ದೃಶ್ಯವಿಲ್ಲದೆ ಚಿತ್ರ ಶುರುವಾಗುವುದಿಲ್ಲ, ಅಪ್ಪ ಬಾರದ ಪ್ರದರ್ಶನ ನನಗೆ ಬೇಡ. ಸಭಾಂಗಣದವರಿಗೆ ಇನ್ನೂ ಹೇಳಿಲ್ಲ.

ಶೋಭಿತಾ

•

ಬೆಳಕವಾಡಿ
3 ನವೆಂಬರ್ 2024

ಪ್ರಿಯ ಶೋಭಿತಾ,

ನಿನ್ನ ಕಾಗದಕ್ಕೆ ಎರಡು ಸಲ ಉತ್ತರ ಬರೆದು ಹರಿದೆ. ಎರಡೂ ಚೆನ್ನಾಗಿದ್ದವು, ಅದೇ ಅವುಗಳ ತೊಂದರೆ.

ಹತ್ತು ದಿನದ ಹಿಂದೆ ನಡುಮನೆಯಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ರಾಜೇಂದ್ರ ಪಕ್ಕದಲ್ಲೇ 'ನಾಳೆ ಬತ್ತೀಯೋ ಇಲ್ವೋ' ಎಂದ. ತಲೆ ಎತ್ತದೆ 'ಎಲ್ಲಿಗೆ?' ಎಂದೆ. ತಿರುಗಿ ನೋಡಿದರೆ ಅವನು ಒಳಗೇ ಇರಲಿಲ್ಲ. ಆಚೆ, ಜಗಲಿಯ ಕೆಳಗೆ, ಅಂಗಳದಲ್ಲಿ ನಿಂತು ಟ್ರಾಕ್ಟರಿನವನ ಜೊತೆ ಫೋನಿನಲ್ಲಿದ್ದ. ಬಾಗಿಲು ತೆರೆದಿದ್ದರೆ ಅಂಗಳದ ದನಿ ಬಲಗಡೆಯ ಕಂಬಕ್ಕೆ ತಾಗಿ ಒಳಗಿನವರ ಕಿವಿಯ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಐವತ್ತು ವರ್ಷ ಸಮೀಪಿಸುತ್ತಿರುವ ನನಗೆ, ಹುಟ್ಟಿ ಬೆಳೆದ ಮನೆಯಲ್ಲಿ, ಇದು ಗೊತ್ತಿರಲಿಲ್ಲ. ಅವನನ್ನು ಅಲ್ಲೇ ನಿಲ್ಲಿಸಿ ಮತ್ತೆ ಮತ್ತೆ ಮಾತಾಡಿಸಿ ಕೇಳಿದೆ. 'ನಿಂಗೇನಾಗದೆ?' ಎಂದು ಬೈದುಕೊಂಡೇ ಮಾತಾಡಿದ.

ಚಿಕ್ಕಂದಿನಲ್ಲೂ ಹೀಗೇ, ನಾನು ಒಳಗಿದ್ದೆ. ದನಿ ಒಳಗೆ ಬಂತು. ದನಿಯ ಹಿಂದೆ ಪಟ್ಟಲಮ್ಮನವರನ್ನೂ ನಾನೇ ಒಳಗೆ ತಂದು ಕೂರಿಸಿಕೊಂಡೆ. ಇಲ್ಲಿಯವರೆಗೆ ಬೇಕಾದರೆ ಮಗುವಿನ ತಪ್ಪು ಎನ್ನಬಹುದು.

ಕಾಲು ತೊಳೆದದ್ದು, ಮಣೆ, ಅವ್ವನ 'ಬಾ ಪಟ್ಟಲಮ್ಮ' ಮಗುವಿನ ತಪ್ಪಲ್ಲ. ನೀನು ಕೇಳಿದೆ, ನಾನು ಕಟ್ಟಿಕೊಟ್ಟೆ. ಬರೆಯುವಾಗಲೇ ಗೊತ್ತಿತ್ತು. ಮೂಲೆ ಒಡೆದ ಮಣೆ ನಿಜವಾದದ್ದೇ, ಅಡುಗೆಮನೆಯಲ್ಲಿ ಅವ್ವ ತಾನು ಕೂರುತ್ತಿದ್ದದ್ದು. ನಿಜವಾದ ಒಂದು ವಸ್ತುವನ್ನು ಇಟ್ಟರೆ ಉಳಿದದ್ದು ತಾನಾಗಿ ನಿಲ್ಲುತ್ತದೆ ಎಂಬುದು ನನಗೆ ಓದಿನಿಂದ ಬಂದ ಉಪಾಯ.

ನಿನ್ನ ಐದು ವಾರ ನನ್ನಿಂದ ಹಾಳಾಯಿತು. ಅದನ್ನು ಕೊಡಲಾರೆ. ಒಂದು ಮಾಡಬಲ್ಲೆ. ನಿನ್ನ ತಂದೆಯವರು ಬಂದು ಅವರ ತಾಯಿ ಎಲ್ಲಿ ಕೂರುತ್ತಿದ್ದರು ಎಂದು ತೋರಿಸಲಿ. ನಾನು ಏನನ್ನೂ ನೆನಪಿಸಿಕೊಳ್ಳುವುದಿಲ್ಲ. ಟೇಪು ಹಿಡಿದು ಅಳೆದು ಕಳಿಸುತ್ತೇನೆ. ಅವರು ಬರಲು ಒಪ್ಪದಿದ್ದರೆ ಅದೂ ಸರಿ.

ವೀಣ

•

ಮದ್ದೂರು
14 ನವೆಂಬರ್ 2024

ವೀಣ ಮೇಡಂಗೆ,

ನಿಮ್ಮ ಕಾಗದವನ್ನು ಅಪ್ಪನ ಕೈಗೇ ಕೊಟ್ಟೆ. ಮೂರನೆಯ ದಿನ ಊಟ ಮಾಡುತ್ತಾ, 'ಇಪ್ಪತ್ನಾಕು ಭಾನುವಾರ ಅಲ್ವಾ, ಓಗ್ಬತ್ತೀನಿ' ಎಂದರು. ಒಬ್ಬರೇ ಬರುತ್ತಾರಂತೆ. ನಾನು ಬರುತ್ತೇನೆ ಎಂದದ್ದಕ್ಕೆ ನಿನ್ನ ಕೆಲಸ ನೋಡು ಎಂದರು.

ಡಿಸೆಂಬರ್ ಒಂದರೊಳಗೆ ಅಳತೆ ಸಿಕ್ಕರೆ ಜನವರಿ ಹನ್ನೆರಡಕ್ಕೆ ಮುಟ್ಟಿಸಬಹುದು. ಈ ಸಲ ಹೆಜ್ಜೆಗಳಿಲ್ಲ, ಕೂತಿರುವುದು ಮಾತ್ರ. ಸುಲಭ ಅನ್ನಬೇಡಿ. ನಡೆಯುವ ಬೊಂಬೆಗಿಂತ ಕೂತ ಬೊಂಬೆ ಕಷ್ಟ. ಎರಡು ಚಿತ್ರಕ್ಕೊಮ್ಮೆ ಬೆರಳನ್ನೋ ರೆಪ್ಪೆಯನ್ನೋ ಇಷ್ಟೇ ಇಷ್ಟು ಜರುಗಿಸುತ್ತಿರಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ.

ನಯನ ಮೇಡಂ ಮಕ್ಕಳನ್ನು ಕರೆತರುವುದು ಇನ್ನೂ ಇದೆಯಾ? ಇರಲಿ ಎಂದು ಆಸೆ.

ಶೋಭಿತಾ

•

ಬೆಳಕವಾಡಿ
24 ನವೆಂಬರ್ 2024

ಪ್ರಿಯ ಶೋಭಿತಾ,

ನಿನ್ನ ತಂದೆ ಶಿವಯ್ಯನವರು ಹನ್ನೊಂದು ಗಂಟೆಯ ಸುಮಾರಿಗೆ ಬಂದರು. ಬಿಳಿ ಅಂಗಿ, ಕೈಯಲ್ಲಿ ಛತ್ರಿ. ನಾನು ಟೇಪು, ಪೆನ್ಸಿಲು, ಕಾಗದ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರು ಹೆಚ್ಚು ಹುಡುಕಲಿಲ್ಲ. ಅಂಗಳದಲ್ಲಿ ನಾಲ್ಕು ಹೆಜ್ಜೆ ಬಂದು, ಛತ್ರಿಯ ತುದಿಯಿಂದ ನೆಲ ಮುಟ್ಟಿ 'ಇಲ್ಲಿ' ಎಂದರು. ಜಗಲಿಯ ಮೇಲಲ್ಲ, ಕೆಳಗೆ. ಕುಟ್ಟುವ ಕಲ್ಲು ಅಲ್ಲಿತ್ತಂತೆ. ರಾಜೇಂದ್ರ ಅದನ್ನು ಎಂದೋ ಹಿತ್ತಲಿಗೆ ಹಾಕಿಸಿದ್ದಾನೆ. ತಾವು ಐದಾರು ವರ್ಷದ ಹುಡುಗನಾಗಿದ್ದಾಗ ತಾಯಿಯ ಜೊತೆ ಬಂದು ಕಲ್ಲಿನ ಈ ಮಗ್ಗುಲಲ್ಲಿ ಕೂತು ಬೀಜ ಆರಿಸುತ್ತಿದ್ದದ್ದನ್ನೂ ತೋರಿಸಿದರು.

ಟೇಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಹೊಸಿಲಿನಿಂದ ಕಲ್ಲಿನ ಜಾಗಕ್ಕೆ ಒಂಬತ್ತು ಅಡಿ ನಾಲ್ಕು ಇಂಚು. ಜಗಲಿಯ ಎತ್ತರ ಎರಡು ಅಡಿ ಮೂರು ಇಂಚು. ಅಲ್ಲಿ ಕೂತವರಿಗೆ ಬಾಗಿಲೊಳಗಿನದು ಎಷ್ಟು ಕಾಣುತ್ತದೆ ಎಂದು ನೋಡಲು ನಾನೇ ನೆಲದ ಮೇಲೆ ಕೂತೆ. ಹೊಸಿಲಿನ ಕೆತ್ತನೆ ಕಾಣುತ್ತದೆ, ಬಾಗಿಲ ಮೇಲಿನ ಪಟ್ಟಿ ಕಾಣುತ್ತದೆ. ಕಂಬ ಕಾಣುವುದಿಲ್ಲ. ನಕ್ಷೆಯಲ್ಲಿ ಎಲ್ಲ ಗುರುತು ಹಾಕಿದ್ದೇನೆ, ಅವರು ನೋಡಿ ಒಪ್ಪಿದ ಮೇಲೆ ಇಂಕಿನಲ್ಲಿ ತಿದ್ದಿದೆ.

ನಿನಗೆ ಕೆಲಸಕ್ಕೆ ಬರುವ ಎರಡು ಸಂಗತಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಸೂರಿನ ನೆರಳು ಜಗಲಿಯನ್ನು ದಾಟುವುದಿಲ್ಲ, ಆದ್ದರಿಂದ ಬೊಂಬೆಯ ತಲೆಯ ಮೇಲೆ ಸೆರಗಿರಲಿ. ಎರಡನೆಯದು ದನಿ. ಪಟ್ಟಲಮ್ಮನವರ ದನಿ ದೊಡ್ಡದೆಂದು ನಾನು ಹೇಳಿದಾಗ, 'ಊ, ಮನೇಲಿ ಅಷ್ಟು ಜೋರಾಗಿ ಮಾತಾಡ್ತಿರ್ಲಿಲ್ಲ. ಇಲ್ಲಿ ಒಳಗಿದ್ದೋರ್ಗೆ ಕೇಳಿಸ್ಬೇಕಲ್ಲ' ಎಂದರು. ಕಥೆಯನ್ನು ನೀನು ಯಾರಿಂದ ಹೇಳಿಸುತ್ತಿದ್ದೀಯೋ ತಿಳಿಯದು, ಅವರಿಗೆ ಇದನ್ನು ಹೇಳು.

ಕಾಫಿ ತಂದುಕೊಟ್ಟೆ, ಜಗಲಿಯ ಅಂಚಿನಲ್ಲಿ ಲೋಟವಿಟ್ಟುಕೊಂಡು ಕುಡಿದರು. ಮಂಡ್ಯಕ್ಕೆ ಬರುತ್ತೀರಾ ಎಂದು ನಾನಾಗಿ ಕೇಳಲಿಲ್ಲ. ಹೊರಡುವಾಗ ಅವರೇ, 'ಸಿನಿಮಾ ಎಷ್ಟೊತ್ತಿಗಂತೆ?' ಎಂದು ಕೇಳಿದರು. ನನಗೆ ಗೊತ್ತಿಲ್ಲ, ಮಗಳನ್ನೇ ಕೇಳಿ ಎಂದೆ. ಹನ್ನೆರಡೂ ಹತ್ತರ ಬಸ್ಸಿಗೆ ಹೋದರು.

ಒಟ್ಟಿನಲ್ಲಿ ಈ ಸಲದ ಅಳತೆಯಲ್ಲಿ ತಪ್ಪಿಲ್ಲ. ನಯನ ಬರುತ್ತಾಳೆ, ಮಕ್ಕಳೂ ಬರುತ್ತಾರೆ. ಚಿತ್ರ ಹೇಗಿರುತ್ತದೋ ಎಂಬ ಅನುಮಾನ ನನಗಿನ್ನೂ ಇದೆ, ನೋಡಲು ಕಾಯುತ್ತಲೂ ಇದ್ದೇನೆ.

ವೀಣ

ಲಕೋಟೆ ಅಂಟಿಸಿಯಾಗಿತ್ತು. ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಅವರು ಹೋದ ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಪುಟ್ಟಮಾದಮ್ಮ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಎಪ್ಪತ್ತು ದಾಟಿದವರು, ನಮ್ಮ ಅಂಗಳವೆಲ್ಲ ಅವರ ಕಿಟಕಿಗೆ ಕಾಣುತ್ತದೆ. ಬಂದದ್ದು ಯಾರೆಂದು ಕೇಳಲಿಲ್ಲ. ನಾನು ಹೆಪ್ಪು ತರಲು ಒಳಗೆ ತಿರುಗಿದೆ, ಅವರು ಬಾಗಿಲಲ್ಲೇ ನಿಂತು ಹೇಳಿದರು:

'ಅಷ್ಟು ವಯಸ್ಸಾದೋರ್ನ ಗಂಟೆಗಟ್ಲೆ ಬಿಸ್ಲಲ್ಲಿ ನಿಲ್ಲಿಸ್ಕಂಡು ಅದೇನು ಅಳೀತಿದ್ಯೋ ಕಣಮ್ಮ. ಒಳೀಕೆ ಬಾ ಅನ್ನೋಕೆ ಏನಾಗಿತ್ತು ನಿಂಗೆ?'